ಮಂಗಳಾ ಕಣ್ಣು ಬಿಟ್ಟಳು

ಮಟಮಟ ಮಧ್ಯಾಹ್ನ ಮಂಗಳಾ ಹಸಿರು ಟವೆಲ್ಲನ್ನು ತಲೆಯ ಮೇಲಿಂದ ಮೂಗಿನವರೆಗೆ ಇಳಿಬಿಟ್ಟುಕೊಂಡು, ಕೆಂಡ ತುಳಿದವಳಂತೆ ಪಾದದ ಅಂಚಿನ ಮೇಲೆ ನಡೆಯುತ್ತಿದ್ದಳು. ಬನ್ನೂರಿನವಳು, ಗಾರ್ಮೆಂಟ್ಸ್ ಕೆಲಸಕ್ಕೆಂದು ನಂಜನಗೂಡಿನ ನಮ್ಮ ವಠಾರಕ್ಕೆ ಬಂದಿದ್ದಳು. ಬೆಳಕು ಬಿದ್ದರೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅಂಗಾಲಿನ ಗಟ್ಟಿ ಗಂಟುಗಳನ್ನು ಮುಟ್ಟಿದರೆ ಪ್ರಾಣ ಹೋಗುವ ನೋವು. ಬಾಯಿ ಮಾತ್ರ ಸುಮ್ಮನಿರದು. “ಕಣ್ ಮುಚ್ಕಂಡಿದ್ರೇನಕ್ಕ, ನಿನ್ ಸಾರು ಸೀದಿರದು ಮೂಗ್ಗೆ ಗೊತ್ತಾಯ್ತದೆ!”

ಚಿಕ್ಕಂದಿನಿಂದಲೂ ಕಣ್ಣಿಗೊಬ್ಬ ಡಾಕ್ಟರು, ಕಾಲಿಗೊಬ್ಬ ಡಾಕ್ಟರು. ಡ್ರಾಪ್ಸು, ಮುಲಾಮು ಯಾವುದೂ ನಾಟಿರಲಿಲ್ಲ. ಹೊಲಿಗೆಯೇ ಕಾಣದಂತಾಗಿ ಅವಳು ಕೆಲಸ ಬಿಟ್ಟಾಗ, ನಾನೇ ಹಟ ಹಿಡಿದು ಮೈಸೂರಿಗೆ ಕರೆದುಕೊಂಡು ಹೋದೆ. ಕಣ್ಣು ನೋಡುತ್ತಿದ್ದ ಡಾಕ್ಟರಮ್ಮ ಇದ್ದಕ್ಕಿದ್ದಂತೆ ಬಗ್ಗಿ ಪಾದ ನೋಡಿದರು.

“ನಿಮ್ಮ ಅಪ್ಪ ಅಮ್ಮ ಸಂಬಂಧಿಕರಾ?”

“ಅವ್ವುನ್ ಸೋದರಮಾವನೇ ನಮ್ಮಪ್ಪ, ಮೇಡಂ.”

ರಕ್ತ ಪರೀಕ್ಷೆಯಾದ ಮೇಲೆ ವಿವರಿಸಿದರು. ಬಾಡು, ಬೇಳೆ, ಹಾಲಿನಲ್ಲಿರುವ ಪ್ರೋಟೀನಿನಲ್ಲಿ ಟೈರೋಸಿನ್ ಎಂಬ ಅಂಶವಿದೆ. ಅದನ್ನು ಕರಗಿಸಬೇಕಾದ ಟೈರೋಸಿನ್ ಅಮೈನೋಟ್ರಾನ್ಸ್‌ಫರೇಸ್ ಎಂಬ ಕಿಣ್ವ ಇವಳ ಲಿವರ್‌ನಲ್ಲಿ ಹುಟ್ಟಿನಿಂದಲೇ ಕೆಲಸ ಮಾಡುತ್ತಿಲ್ಲ; ಸಂಬಂಧದಲ್ಲೇ ಮದುವೆಯಾದವರ ಮಕ್ಕಳಲ್ಲಿ ಇದು ಹೆಚ್ಚು. ಕರಗದೆ ಉಳಿದದ್ದು ಕಣ್ಣಿನಲ್ಲಿ ಹರಳುಗಟ್ಟುತ್ತಿದೆ, ಅಂಗಾಲಿನಲ್ಲಿ ಗಂಟಾಗುತ್ತಿದೆ.

ಮಂಗಳಾ ವಠಾರಕ್ಕೆಲ್ಲ ಇದನ್ನು ತನ್ನದೇ ರೀತಿಯಲ್ಲಿ ಸಾರಿದಳು: “ಲಿವರ್ ಆಪೀಸ್ನಲ್ಲಿ ಒಬ್ಬ ಗುಮಾಸ್ತ ರಜಾ ಹಾಕವ್ನೆ ಕಣಕ್ಕ. ಅವ್ನ್ ಫೈಲೆಲ್ಲ ಕಣ್ಗೂ ಕಾಲ್ಗೂ ಬಂದ್ ಬಿದ್ದವೆ!”

ಮಾಂಸ, ಮೊಟ್ಟೆ ಬಂದ್. ಹಾಲು, ಬೇಳೆ ಹೆಸರಿಗಷ್ಟೇ. ಜೊತೆಗೆ ಮೂಗು ಮುಚ್ಚಿಕೊಂಡು ಕುಡಿಯಬೇಕಾದ, ಟೈರೋಸಿನ್ ಇಲ್ಲದ ಪ್ರೋಟೀನ್ ಪುಡಿಯೊಂದು. ಬನ್ನೂರು ಕುರಿಯ ಬಾಡೆಂದರೆ ಪ್ರಾಣ ಬಿಡುವ ಹುಡುಗಿ ಹಲ್ಲು ಕಚ್ಚಿ ಸಹಿಸಿದಳು. ಕೆಲವೇ ವಾರ ಕಳೆದಿರಬೇಕು, ಒಂದು ಬೆಳಿಗ್ಗೆ ಎಳೆ ಬಿಸಿಲಲ್ಲಿ ಬರಿಗಣ್ಣಲ್ಲಿ ನಿಂತು ನನ್ನನ್ನೇ ದಿಟ್ಟಿಸಿದಳು. “ಅಯ್ಯೋ ಅಕ್ಕ, ನಿನ್ ತಲೆ ಇಷ್ಟೊಂದ್ ನರೆತದಾ!” ಇಬ್ಬರೂ ತಬ್ಬಿಕೊಂಡು ಅತ್ತೆವು, ನಕ್ಕೆವು.

ಬನ್ನೂರಿನಲ್ಲಿ ಅವಳ ನೆಂಟರ ಬೀಗರೂಟಕ್ಕೆ ನಾನೂ ಹೋಗಿದ್ದೆ. ಬಾಡಿನ ಬಕೆಟ್ ಹಿಡಿದ ಅವಳ ಸೋದರಮಾವ, “ಒಂದ್ ಪೀಸ್ಗೆ ಏನಾದದು, ತಿನ್ನು ಮಗ,” ಎಂದು ಬಲವಂತ ಮಾಡಿದ. ಇವಳು ಎಲೆಗೆ ಎರಡೂ ಕೈ ಅಡ್ಡ ಹಿಡಿದಳು. “ಇಷ್ಟ್ ವರ್ಷ ಕಣ್ ಮುಚ್ಕಂಡು ಉಂಡಿವ್ನಿ ಮಾವ. ಕಣ್ ಬಿಟ್ಕಂಡ್ ಉಂಡ್ರೆ ಅನ್ನ ತಿಳಿಸಾರೇ ನಂಗೆ ಬಾಡೂಟ.” ಮಾವ ಬಕೆಟ್ ಕೆಳಗಿಟ್ಟ. ಮಾವನೇ ಹೋಗಿ ತಿಳಿಸಾರು ತಂದ.

ಕೊನೆಯ ಸಲ ಅವಳು ಸಿಕ್ಕಿದ್ದು ಟಿ. ನರಸೀಪುರದ ಬಸ್ಸಿನಲ್ಲಿ. ಮೈಮೇಲೆ ಖಾಕಿ, ಕೊರಳಲ್ಲಿ ಕಂಡಕ್ಟರ್ ಬ್ಯಾಗು. ಕಣ್ಣಿನ ಪರೀಕ್ಷೆಯಲ್ಲೂ ಪಾಸಾಗಿ ಕೆಲಸ ಗಿಟ್ಟಿಸಿದ್ದಳು. ಕಿಕ್ಕಿರಿದ ಬಸ್ಸಿನಲ್ಲಿ ಎರಡೂ ಅಂಗಾಲು ಪೂರ್ತಿ ಊರಿ ನಿಂತು, ಪಟಪಟನೆ ಟಿಕೆಟ್ ಹರಿಯುತ್ತಿದ್ದಳು. ನರಸೀಪುರ ಬಂದಾಗ ಅವಳ ಕೈ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟೆ. ಹಿಂದಿನವರು ಗೊಣಗಿದರು.

“ಇಳಿಯಕ್ಕ, ಬಿರ್ರನೆ ಇಳಿ,” ಎಂದು ನಗುತ್ತಾ ಸೀಟಿ ಊದಿದಳು. “ನಂಗಿನ್ನೂ ಊರೂರ್ ನೋಡದದೆ!”