ಛತ್ರದಲ್ಲೇ ಮಲಗುವ ಹರಕೆ

ಮೈಸೂರಿಗೆ ಹೋಗುವುದೆಂದು ನಿಶ್ಚಯವಾದದ್ದು ಐದು ನಿಮಿಷದಲ್ಲಿ. ಅಲ್ಲಿ ಎಲ್ಲಿ ಉಳಿಯುವುದು ಎಂಬುದು ತೀರ್ಮಾನವಾಗಲು ಒಂದೂವರೆ ತಿಂಗಳು ಹಿಡಿಯಿತು. ಅದಕ್ಕಾಗಿ ನಾನೊಂದು ಸುಳ್ಳು ಹೇಳಿದೆ, ಅದೂ ದೇವರ ಹೆಸರಿನಲ್ಲಿ. ಹೇಳಿದ್ದಕ್ಕೆ ಇವತ್ತಿಗೂ ನನಗೆ ಪಶ್ಚಾತ್ತಾಪವಿಲ್ಲ.

ಕನ್ನಡ ಸೀಮೆಯೆಲ್ಲ ಒಂದೇ ರಾಜ್ಯವಾಗಿ ಎರಡೋ ಮೂರೋ ವರ್ಷವಾಗಿತ್ತು. ನನ್ನ ಗಂಡ ಸೊರಬದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ದಿನವಿಡೀ ಪಹಣಿ, ಖಾತೆ ಎಂದು ಬರೆದು ಬರೆದು, ಮನೆಗೆ ಬಂದರೆ ಬಾಯಿ ಬಿಡುತ್ತಿರಲಿಲ್ಲ. ಮಗಳಿಗೆ ಐದು ತುಂಬಿತ್ತು, ಮಗನಿಗೆ ಎರಡು. ಯಾರದೋ ಅಂಗಡಿಯ ಕ್ಯಾಲೆಂಡರಿನಲ್ಲಿ ಜಿರಾಫೆಯ ಚಿತ್ರ ಕಂಡ ಮಗಳು ಅದನ್ನು ನೋಡಲೇಬೇಕೆಂದು ಹಟ ಹಿಡಿದಳು. ಬೇಸಿಗೆಯಲ್ಲಿ ಹತ್ತು ದಿನ ರಜೆ ಹಾಕಿ ಮೈಸೂರಿಗೆ ಹೋಗೋಣ ಎಂದು ಇವರು ಒಪ್ಪಿಬಿಟ್ಟರು. ನನಗೂ ಖುಷಿಯೇ. ಮದುವೆಯಾಗಿ ಎಂಟು ವರ್ಷದಲ್ಲಿ ಶಿವಮೊಗ್ಗ ದಾಟಿದವಳಲ್ಲ ನಾನು.

ಮೈಸೂರಿನಲ್ಲಿ ನನ್ನ ಗಂಡನ ಅಕ್ಕನ ಮನೆಯಿತ್ತು. ನಮ್ಮ ಕಡೆಯವರಿಗೆ ಇಷ್ಟು ಹೇಳಿದರೆ ಸಾಕು. ಒಡಹುಟ್ಟಿದವಳು ಇರುವ ಊರಿಗೆ ಹೋಗಿ ಛತ್ರದಲ್ಲೋ ಲಾಡ್ಜಿನಲ್ಲೋ ಇಳಿದರೆ ಊರೆಲ್ಲ ಕೇಳುತ್ತದೆ, ಅವಳ ಮನೆಯಲ್ಲಿ ಒಂದು ಹಿಡಿ ಅನ್ನಕ್ಕೂ ಬರವೇ ಎಂದು. ಆದ್ದರಿಂದ ನಮ್ಮ ಮನೆಯಲ್ಲಿ ಅದು ಚರ್ಚೆಯ ವಿಷಯವೇ ಆಗಿರಲಿಲ್ಲ, ನನ್ನೊಬ್ಬಳಿಗೆ ಬಿಟ್ಟು.

ಕಾರಣ ಹೇಳುತ್ತೇನೆ. ನನ್ನ ಮಗಳು ಆ ವಯಸ್ಸಿನಲ್ಲೂ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದಳು. ಹಿಂದಿನ ದೀಪಾವಳಿಗೆ ಸೊರಬಕ್ಕೆ ಬಂದಿದ್ದ ಈ ನಾದಿನಿ ಒಂದು ಬೆಳಿಗ್ಗೆ ಅವಳ ಒದ್ದೆ ಕೌದಿಯನ್ನು ಎತ್ತಿಕೊಂಡು ಹೋಗಿ ಬೀದಿಗೆ ಕಾಣುವಂತೆ ಜಗಲಿಯ ಹಗ್ಗಕ್ಕೆ ನೇತುಹಾಕಿದರು. ಕೇಳಿದವರಿಗೆಲ್ಲ ಯಾರದೆಂದು ಹೇಳಿದರು. ಓಣಿಯ ಮಕ್ಕಳು ಕುಣಿದು ನಕ್ಕರು. ‘ನಾಚಿಕೆ ಆದ್ರೆ ತಾನಾಗೇ ಬಿಡುತ್ತೆ’ ಎಂದರು ನಾದಿನಿ. ‘ಹಂಗೇ ಬುದ್ಧಿ ಬರೋದು’ ಎಂದರು ನಮ್ಮತ್ತೆ. ಮಗಳು ಅವತ್ತಿಡೀ ದಿನ ಭತ್ತ ತುಂಬಿಡುವ ಪಣತದ ಹಿಂದೆ ಕೂತಿದ್ದಳು, ಕರೆದರೂ ಬರಲಿಲ್ಲ. ಆಮೇಲೆ ಒದ್ದೆಯಾದ ದಿನ ಮಾತೇ ಆಡುತ್ತಿರಲಿಲ್ಲ. ನಾನು ಆಗ ಸುಮ್ಮನಿದ್ದೆ, ದೊಡ್ಡ ನಾದಿನಿಯ ಎದುರು ಮಾತಾಡುವುದುಂಟೇ ಎಂದು. ಆ ಸುಮ್ಮನಿದ್ದದ್ದೇ ನನ್ನನ್ನು ಸುಡುತ್ತಿತ್ತು. ಇನ್ನೊಂದು ಸಲ ಹಾಗಾಗಲು ಬಿಡಬಾರದು, ಜಿರಾಫೆ ನೋಡದಿದ್ದರೂ ಸರಿ.

ಕಚೇರಿಯ ಒಬ್ಬರು ಮೈಸೂರಿನ ಲಾಡ್ಜಿನ ವಿಷಯ ಹೇಳಿದ್ದರು, ಕೋಣೆಗೇ ಸ್ನಾನದ ಮನೆ ಇದೆಯಂತೆ. ಊಟಕ್ಕೆ ಕೂತಾಗ ನಾನು ಮೆಲ್ಲಗೆ ಆ ಮಾತು ತೆಗೆದೆ. ಅತ್ತೆ ತುತ್ತು ಅಲ್ಲೇ ನಿಲ್ಲಿಸಿ, ‘ಯಾರ್ಯಾರು ಬಿದ್ಕೊಂಡು ಎದ್ದ ಹಾಸಿಗೆಯೋ ಏನೋ! ನನ್ನ ಮಗಳ ಮನೆ ಎಂತ ಆಗಿದೆ ಅಂತ?’ ಎಂದರು. ಅಲ್ಲಿಗೆ ಲಾಡ್ಜಿನ ಕಥೆ ಮುಗಿಯಿತು. ಮುಂದೆ ನನ್ನ ಬಾಯಿಂದ ಬಂದ ಮಾತು ನಾನು ಯೋಚಿಸಿ ಆಡಿದ್ದಲ್ಲ.

‘ಮಗೂಗೆ ಜ್ವರ ಏರಿದಾಗ ನಂಜುಂಡೇಶ್ವರನಿಗೆ ಹರಕೆ ಹೊತ್ಕೊಂಡಿದ್ದೆ ಅತ್ತೆ. ಮೈಸೂರು ಕಡೆ ಹೋದ್ರೆ, ನಂಜನಗೂಡಲ್ಲಿ ದರ್ಶನ ಆಗೋವರೆಗೂ ಅಲ್ಲಿ ನೆಂಟರ ಮನೇಲಿ ಮಲಗಲ್ಲ, ಛತ್ರದಲ್ಲೇ ಮಲಗ್ತೀವಿ ಅಂತ.’

ಇವರು ತಲೆ ಎತ್ತಿದರು. ‘ನನಗೆ ಹೇಳಲೇ ಇಲ್ಲವಲ್ಲೇ?’

‘ಹರಕೆ ಹೊತ್ತು ಊರಿಗೆಲ್ಲ ಸಾರ್ಕೊಂಡು ಬರ್ತಾರೇನ್ರೀ?’

‘ಹಾಗಾದ್ರೆ ಮೊದಲ ದಿನವೇ ನಂಜನಗೂಡು ಮುಗಿಸಿಬಿಡೋಣ.’

‘ಸೋಮವಾರವೇ ಆಗಬೇಕು’ ಎಂದೆ. ನಾವು ಹೊರಡುವುದು ಬುಧವಾರ ಎಂಬುದು ನನಗೆ ಗೊತ್ತಿತ್ತು. ಅತ್ತೆ ಎರಡೂ ಕೈ ಎತ್ತಿ ಕೆನ್ನೆಗೆ ಹಾಕಿಕೊಂಡರು. ಹರಕೆ ಎಂದಮೇಲೆ ನಮ್ಮ ಮನೆಯಲ್ಲಿ ಎದುರು ಮಾತಿಲ್ಲ. ಅವತ್ತೇ ಅಕ್ಕನಿಗೆ ಕಾಗದ ಹೋಯಿತು. ನಾನು ಗೆದ್ದೆ ಎಂದುಕೊಂಡೆ.

ಎಂಟು ದಿನಕ್ಕೆ ಉತ್ತರ ಬಂತು. ಇವರು ಕಾರ್ಡನ್ನು ಗಟ್ಟಿಯಾಗಿ ಓದಿದರು: ‘ಹರಕೆ ತಪ್ಪಿಸಬೇಡಿ. ಮಗು ನಮ್ಮ ಮನೆತನದ್ದು, ಹರಕೆಯೂ ಮನೆತನದ್ದೇ. ನಾನೂ ಛತ್ರಕ್ಕೇ ಬಂದು ನಿಮ್ಮ ಜೊತೆ ಮಲಗುತ್ತೇನೆ. ಕೋಣೆಗೆ ಹೇಳಿಟ್ಟಿದ್ದೇನೆ.’ ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ! ಮನೆಯಲ್ಲಾದರೆ ನೋಡುವವರು ಅವರ ಮನೆಯವರಷ್ಟೇ. ಛತ್ರದಲ್ಲಿ ನೂರು ಜನ. ನನ್ನ ಜಾಣತನದಿಂದ ಮಗಳನ್ನು ನಾನೇ ಸಂತೆಯ ನಡುವೆ ನಿಲ್ಲಿಸಿದ್ದೆ.

ಸೊರಬದಿಂದ ಬಸ್ಸು ಹತ್ತಿ ಶಿರಾಳಕೊಪ್ಪದಲ್ಲಿ ಇಳಿದು ಹತ್ತಿ, ಶಿಕಾರಿಪುರದ ನನ್ನ ತವರಿನಲ್ಲಿ ಒಂದು ದಿನ ತಂಗಿದೆವು. ಅವ್ವನಿಗೆ ಮಾತ್ರ ನಿಜ ಹೇಳಿದೆ. ದೇವರ ಹೆಸರಲ್ಲಿ ಸುಳ್ಳಾಡಿದೆನಲ್ಲ ಎಂಬ ಅಳುಕೂ ಇತ್ತು. ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ ಹೇಳಿದಳು:

‘ನಂಜುಂಡನ ಹೆಸರು ಬಾಯಾಗೆ ಬಂದ ಮ್ಯಾಲೆ ಅದು ಸುಳ್ಳು ಹೆಂಗಾಗ್ತದೆ? ಅವನು ಕೇಳಿಸ್ಕೊಂಡು ಆಗೈತೆ. ಇನ್ನು ನೀನು ನಡೆಸು, ಅಷ್ಟೇ.’

‘ನಾದಿನಿ ಬರ್ತಾರಲ್ಲವ್ವ?’

‘ಬರ್ಲಿ. ಈ ಸಲ ಬಾಯಿ ಮುಚ್ಕೊಂಡು ಇರಬೇಡ.’

ಹಾಗೆ ನನ್ನ ಸುಳ್ಳು ತವರಿನಲ್ಲಿ ನಿಜವಾದ ಹರಕೆಯಾಯಿತು. ಒಂದು ಗಂಟು ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಶಿವಮೊಗ್ಗಕ್ಕೆ ಹೋಗಿ ರೈಲು ಹತ್ತಿದೆವು. ದಾರಿಯುದ್ದಕ್ಕೂ ನಾದಿನಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಬಾಯಿಪಾಠ ಮಾಡಿದೆ. ಒಂದೊಂದು ಸ್ಟೇಷನ್ನಿಗೂ ನನ್ನ ಮಾತು ಖಾರವಾಗುತ್ತಾ ಹೋಯಿತು. ಮಗಳು ಕಿಟಕಿ ಹಿಡಿದು ಕೂತು, ಅಲ್ಲಿ ಯಾರು ಯಾರು ಮಲಗುತ್ತಾರೆ ಎಂದು ಎರಡು ಸಲ ಕೇಳಿದಳು. ಜಿರಾಫೆಯ ಬಗ್ಗೆ ಕೇಳಲಿಲ್ಲ.

ಛತ್ರದಲ್ಲಿ ನಾದಿನಿ ಕೋಣೆ ಗುಡಿಸಿ, ಚಾಪೆ ಹಾಸಿ, ಅನ್ನ ಸಾರು ತಂದಿಟ್ಟುಕೊಂಡು ಕಾದಿದ್ದರು. ಮಗಳನ್ನು ತಮ್ಮ ಪಕ್ಕಕ್ಕೇ ಮಲಗಿಸಿಕೊಂಡರು. ಬೇಡ ಎನ್ನುವುದರೊಳಗೆ ಮಗ ಅಳತೊಡಗಿದ. ಅವನನ್ನು ತಟ್ಟುತ್ತಾ, ಬೆಳಗಿನ ತನಕ ಎಚ್ಚರವಿರಬೇಕು ಎಂದುಕೊಂಡೆ. ತಲೆ ಇಟ್ಟದ್ದಷ್ಟೇ ನೆನಪು.

ಎಚ್ಚರವಾದಾಗ ಬೆಳಕು ಹರಿದಿತ್ತು. ಮಗಳು ಇಲ್ಲ, ನಾದಿನಿ ಇಲ್ಲ, ಕೌದಿಯೂ ಇಲ್ಲ. ಸೆರಗು ಸರಿ ಮಾಡಿಕೊಳ್ಳದೆ ಹಿತ್ತಿಲಿಗೆ ಓಡಿದೆ.

ನಾದಿನಿ ಸೀರೆ ಎತ್ತಿ ಕಟ್ಟಿ ಒಗೆಯುವ ಕಲ್ಲಿನ ಮೇಲೆ ಕೌದಿ ಕುಕ್ಕುತ್ತಿದ್ದರು. ಮಗಳು ಚೊಂಬಿನಿಂದ ನೀರು ಹೊಯ್ಯುತ್ತಿದ್ದಳು. ಪಕ್ಕದ ಕಲ್ಲಿನಲ್ಲಿ ಬಟ್ಟೆ ಒಗೆಯುತ್ತಿದ್ದ ಯಾವುದೋ ಊರಿನ ಹೆಂಗಸು, ‘ಮಗು ಮಾಡ್ಕೊಂಡಿತಾ?’ ಎಂದು ನಗುತ್ತಾ ಕೇಳಿದಳು. ನಾನು ಬಾಯಿ ತೆರೆದೆ. ನನಗಿಂತ ಮೊದಲು ನಾದಿನಿ ಹೇಳಿದರು:

‘ಇಲ್ಲ ಕಣಮ್ಮ. ರಾತ್ರಿ ನಾನೇ ನೀರಿನ ಕೊಡ ಉರುಳಿಸಿಬಿಟ್ಟೆ. ವಯಸ್ಸಾಯ್ತಲ್ಲ.’

ಮಗಳು ಚೊಂಬು ಹಿಡಿದುಕೊಂಡೇ ತನ್ನ ಸೋದರತ್ತೆಯ ಮುಖ ನೋಡಿದಳು. ಆಮೇಲೆ ಮತ್ತೆ ನೀರು ಹೊಯ್ದಳು.

ರೈಲಿನಲ್ಲಿ ಬಾಯಿಪಾಠ ಮಾಡಿದ್ದ ನನ್ನ ಖಾರಕ್ಕೆಲ್ಲ ಕೆಲಸವೇ ಇಲ್ಲವಾಯಿತು. ಮಗಳು ತಮ್ಮನ ಬಳಿಗೆ ಓಡಿದ ಮೇಲೆ ನಾದಿನಿ ಕೌದಿಯ ಒಂದು ತುದಿ ನನ್ನ ಕೈಗೆ ಕೊಟ್ಟರು, ಹಿಂಡಲು.

‘ಕತ್ತಲಲ್ಲಿ ನನ್ನನ್ನೇ ಎಬ್ಬಿಸ್ತು ಕಣೆ ನಿನ್ನ ಮಗಳು. ಮೈಸೂರತ್ತೆ, ಒದ್ದೆ ಆಗಿದೆ, ನಾಳೆ ಇದನ್ನ ಬಾಗಿಲ ಹತ್ರ ಹಾಕಬೇಡಿ, ಒಳಗೆ ಎಲ್ಲಾದರೂ ಹಾಕಿ ಅಂತು. ಅಳಲಿಲ್ಲ. ದೊಡ್ಡವರ ಹಾಗೆ ಕೇಳ್ಕೊಂಡ್ತು.’ ಅವರು ಇನ್ನೊಂದು ಸಲ ತಿರುಚಿ ಹಿಂಡಿದರು. ‘ನನಗೂ ಇದು ಹನ್ನೊಂದು ವರ್ಷದವರೆಗೆ ಇತ್ತು. ನಮ್ಮವ್ವ, ನಿಮ್ಮತ್ತೆ, ಹಂಗೇ ಜಗಲಿಗೆ ಹಾಕೋಳು. ಅದರಿಂದಲೇ ಬಿಡ್ತು ಅಂತ ನಾನು ನಂಬ್ಕೊಂಡಿದ್ದೆ. ಆದ್ರೆ ಹಂಗೆ ಮಾಡಬೇಡಿ ಅಂತ ನಾನು ಯಾರನ್ನೂ ಎಬ್ಬಿಸಿ ಕೇಳಲಿಲ್ಲ ನೋಡು.’

ನನಗೆ ಕಣ್ಣು ತುಂಬಿತು. ‘ಅಕ್ಕಾರೇ, ಆ ಹರಕೆ...’ ಎಂದೆ.

‘ಗೊತ್ತು ಬಿಡು. ಎಂಟು ವರ್ಷದಲ್ಲಿ ನೀನು ಒಂದು ತೆಂಗಿನಕಾಯಿಯ ಹರಕೆ ಹೊತ್ತಿದ್ದೂ ನಾನು ಕೇಳಿಲ್ಲ. ನನ್ನ ಮನೆ ಯಾಕೆ ಬೇಡವಾಯ್ತು ಅಂತ ನೋಡೋಕೇ ಬಂದೆ.’

ಇಷ್ಟೇ ಮಾತು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು ಎನ್ನುತ್ತಾರಲ್ಲ, ನನಗೆ ಆ ಕಲ್ಲು ಇಷ್ಟು ತಿಂಗಳು ಎಷ್ಟು ಭಾರವಿತ್ತು ಎಂಬುದು ಗೊತ್ತಾದದ್ದೇ ಅದು ಇಳಿದ ಮೇಲೆ. ಅವತ್ತು ಜಿರಾಫೆ ನೋಡಿದೆವು. ಕತ್ತು ತುಂಬಾ ಉದ್ದವಾಯಿತು ಎಂದು ಮಗಳು ತಪ್ಪು ಹುಡುಕಿದಳು. ಅರಮನೆ, ಬೆಟ್ಟ ಎಲ್ಲ ಆಯಿತು. ಇನ್ನೂ ಎರಡು ಬೆಳಿಗ್ಗೆ ಕೌದಿ ಒಗೆದೆವು, ಯಾರೂ ಏನೂ ಅನ್ನಲಿಲ್ಲ.

ಸೋಮವಾರ ನಂಜನಗೂಡಿಗೆ ಹೋಗಿ, ಹರಕೆ ಒಪ್ಪಿಸಿ, ಸಂಜೆ ಮೈಸೂರಿಗೆ ಮರಳಿದೆವು. ಊರಿಗೆ ರೈಲು ಮರುದಿನ. ಸ್ಟೇಷನ್ನಿನ ಹೊರಗೆ ನಿಂತು ಇವರು, ‘ಈಗ ಎಲ್ಲಿಗೆ?’ ಎಂದರು. ನಾದಿನಿ ಕರೆಯಲಿಲ್ಲ. ಕರೆದರೆ ನಾವು ಇಲ್ಲವೆನ್ನಲಾರೆವೆಂದು ಅವರಿಗೆ ಗೊತ್ತಿತ್ತು, ಅದಕ್ಕೇ ಕರೆಯಲಿಲ್ಲ. ನಾನು ಮಗಳ ಕಡೆ ನೋಡಿದೆ.

‘ಹರಕೆ ಮುಗೀತಲ್ಲ, ಮೈಸೂರತ್ತೆ ಮನೆಗೆ ಹೋಗೋಣ’ ಎಂದಳು ಮಗಳು, ಅತ್ತೆಯ ಕೈ ಹಿಡಿದು ಮುಂದೆ ನಡೆಯುತ್ತಾ.

ಆ ರಾತ್ರಿ ನಾದಿನಿಯ ಮನೆಯಲ್ಲಿ ನಾನು ಒಂದು ಸಲವೂ ಎದ್ದು ಮಗಳ ಹಾಸಿಗೆ ಮುಟ್ಟಿ ನೋಡಲಿಲ್ಲ.