ಮಡಿಯಲ್ಲಿದ್ದ ಹಾರ್ಡ್ ಡಿಸ್ಕು

ಸುಮ್ಮನೆ ಕೂಡುವುದು ನನಗೆ ಬರುವುದಿಲ್ಲ. ಇದನ್ನು ಗುಣವೆಂದು ಹೇಳಿಕೊಳ್ಳುತ್ತಿಲ್ಲ, ರೋಗವೆಂದೇ ಹೇಳುತ್ತಿದ್ದೇನೆ. ಕೂಕಟ್‌ಪಲ್ಲಿಯ ನಮ್ಮ ಮನೆಯಲ್ಲಿ ಒಂದಿಷ್ಟು ಪುರಸೊತ್ತು ಸಿಕ್ಕರೆ ಸಾಕು, ನನ್ನ ಕೈ ತನ್ನಷ್ಟಕ್ಕೆ ತಾನೇ ಏನಾದರೊಂದನ್ನು ಒಪ್ಪ ಮಾಡಲು ಹೊರಡುತ್ತದೆ. ಹಳೆಯ ಪೇಪರು, ಹಿಡಿಕೆ ಸಡಿಲಾದ ಸೌಟು, ಇವರ ತೂತುಬಿದ್ದ ಬನಿಯನ್ನು, ಯಾವುದಕ್ಕೂ ನನ್ನ ಮುಂದೆ ಉಳಿಗಾಲವಿಲ್ಲ. ಬನಿಯನ್ನು ಕಾಣದಾದಾಗ ಇವರು ನನ್ನ ಮುಖವನ್ನೊಮ್ಮೆ ನೋಡಿ ಹೊಸದನ್ನು ತೆಗೆದು ಹಾಕಿಕೊಳ್ಳುತ್ತಾರೆ. ಕೇಳುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು.

ಮನೆಯ ಕಸ ಮುಗಿದರೆ ಕಂಪ್ಯೂಟರಿನ ಕಸ. ಅಳಿಸುವ ಮುಂಚೆ ಅದು ಪಾಪ, ಖರೇನೇ ಅಳಿಸಬೇಕೇನು ಎಂದು ಕೇಳುತ್ತದೆ. ಅದರ ಮಾತು ಮುಗಿಯುವುದರೊಳಗೆ ನಾನು ಹೂಂ ಅಂದಿರುತ್ತೇನೆ. ಅಳಿಸಿದ್ದನ್ನು ಇಟ್ಟುಕೊಳ್ಳಲು ಅದರೊಳಗೊಂದು ಕಸದ ಬುಟ್ಟಿಯಿದೆಯಲ್ಲ, ಅದರ ಮೇಲೂ ನನಗೆ ವಿಶ್ವಾಸವಿಲ್ಲ. ಬುಟ್ಟಿಯೊಳಗೆ ಬಿದ್ದಿರುವುದೂ ಕಸವೇ ತಾನೆ? ಹಾಗಾಗಿ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿ ಒಂದೇ ಏಟಿಗೆ ಕಾಯಮ್ಮಾಗಿ ಕಳಿಸಿಬಿಡುವ ವಿದ್ಯೆ ಕಲಿತಿದ್ದೇನೆ. ಆ ವಿದ್ಯೆಯೇ ನನ್ನನ್ನು ಫಜೀತಿಗೆ ಹಾಕಿತು.

ಫಜೀತಿ ಏನೆಂದು ಹೇಳುವ ಮುಂಚೆ ಒಡಪಿನ ವಿಷಯ ಹೇಳಬೇಕು. ನಮ್ಮ ಕಡೆ ಹಳೆಯ ಕಾಲದ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಹೇಳಲೇಬೇಕಾದ ಪ್ರಸಂಗ ಬರುವುದು ಮದುವೆ, ಮುಂಜಿವೆ, ಸೀಮಂತದ ಮನೆಗಳಲ್ಲಿ. ಬಾಗಿಲಿಗೆ ಅಡ್ಡ ನಿಂತ ಹೆಂಗಸರು ಹೆಸರು ಹೇಳದೆ ಒಳಗೆ ಬಿಡುವುದಿಲ್ಲ. ಆಗ ಪ್ರಾಸ ಕೂಡಿಸಿ ಎರಡು ಸಾಲು ಕಟ್ಟಿ, ನಡುವೆ ಮೆಲ್ಲಗೆ ಗಂಡನ ಹೆಸರನ್ನು ಸೇರಿಸಿ ಹೇಳಿ ದಾಟಿಬಿಡಬೇಕು. ಅದೇ ಒಡಪು. ನಮ್ಮ ಅತ್ತೆ ದಿನಾ ಬೆಳಗ್ಗೆ ದೇವರ ಸಾವಿರ ಹೆಸರನ್ನು ಎಲ್ಲೂ ತಡೆಯದೆ ಹೇಳುತ್ತಾರೆ. ಗಂಡನ ಒಂದು ಹೆಸರಿಗೆ ಮಾತ್ರ ಯಾರದಾದರೂ ಮದುವೆ ಆಗುವತನಕ ಕಾಯುತ್ತಿದ್ದರು. ಮಾವನವರ ಹೆಸರು ವಾಮನರಾವ್. ಆ ಸಾವಿರದೊಳಗೆ ವಾಮನನೂ ಬರುತ್ತಾನೆ. ಅಲ್ಲಿಗೆ ಬಂದಾಗ ಅತ್ತೆಯ ದನಿ ತುಸು ತಗ್ಗುತ್ತಿತ್ತೆಂದು ಮಾವನೇ ನಮಗೆ ಹೇಳಿ ನಗುತ್ತಿದ್ದರು.

ಮಾವ ಇದ್ದಾಗ ಒಮ್ಮೆ ಅತ್ತೆಯನ್ನು ಕೂಡಿಸಿಕೊಂಡು ಅವರ ಹಾಡು, ಆರತಿ ಪದ, ಒಡಪುಗಳನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿದ್ದೆ. ಕುಕ್ಕರಿನ ಸೀಟಿ, ಕೆಳಗೆ ತೆಲುಗಿನಲ್ಲಿ ಕೂಗುವ ತರಕಾರಿಯವನು, ಒಳಗಿನ ಕೋಣೆಯಿಂದ ಮಾವನ ಕೆಮ್ಮು, ಎಲ್ಲವೂ ಅದರೊಳಗೆ ಸೇರಿಕೊಂಡಿತ್ತು. ಬಿಡುತ್ತೇನೆಯೇ? ಕೂತು ಬೇಡದ ಸಪ್ಪಳವನ್ನೆಲ್ಲ ಕತ್ತರಿಸಿ, ಸ್ವಚ್ಛ ಮಾಡಿದ್ದನ್ನು ಬಳಗದವರ ಗ್ರೂಪಿಗೆ ಹಾಕಿದೆ. ಎಲ್ಲರೂ ಹೊಗಳಿದರು. ಮೂಲದ್ದನ್ನು ಹಾರ್ಡ್ ಡಿಸ್ಕಿನಲ್ಲಿ ಹಾಕಿಟ್ಟು ಮರೆತೆ. ಅದಾದ ಮರುವರ್ಷ ಮಾವ ತೀರಿಕೊಂಡರು.

ಮೊನ್ನೆ ಬಳಗದ ಹುಡುಗಿಯೊಬ್ಬಳ ಮದುವೆ ಗೊತ್ತಾಯಿತು. ಅಜ್ಜಿಯ ಒಡಪು ಕಲಿಯಬೇಕು ಎಂದು ಅವಳು ಕೇಳಿದ್ದಕ್ಕೆ ಆ ಸ್ವಚ್ಛ ರೆಕಾರ್ಡನ್ನು ಅತ್ತೆಯ ಮುಂದೆಯೇ ಹಚ್ಚಿದೆ. "ಚಾರ್‌ಮಿನಾರದಾಗ ಕೊಂಡೆ ಹಸರ ಬಳಿ, ವಾಮನರಾಯರಿದ್ರ ಮನಿಗೆಲ್ಲಾ ಕಳಿ." ಅತ್ತೆ ಹೂಬತ್ತಿ ಹೊಸೆಯುತ್ತಿದ್ದವರು ಕೈ ನಿಲ್ಲಿಸಿದರು.

"ಇದು ಅಲ್ಲವ್ವಾ. ನಾ ಹೆಸರು ಹೇಳಿದ ಕೂಡ್ಲೆ ಒಳಗಿಂದ ಅವರು ಓ ಅಂದಿದ್ರು. ಯಾರೋ ಕರದ್ರು ಅಂತ ತಿಳಕೊಂಡು. ಅದೆಲ್ಲಿ?"

ಅದನ್ನು ನಾನು ಕತ್ತರಿಸಿದ್ದೆ. ಸಪ್ಪಳವೆಂದು.

"ಅದು ಮೂಲದ್ರಾಗ ಅದ ಅತ್ಯಾ, ಈಗ ತರ್ತೀನಿ" ಅಂದು ಹಾರ್ಡ್ ಡಿಸ್ಕು ಹಚ್ಚಿದೆ. ಮೂಲವಿಟ್ಟಿದ್ದ ಫೋಲ್ಡರು ಇರಲಿಲ್ಲ. ಹಿಂದಿನ ಭಾನುವಾರ ಕೈ ತುರಿಸಿ, ಒಂದೇ ಥರದ ಎರಡೆರಡು ಫೈಲು ಯಾಕೆಂದು ಜಾಗ ಖಾಲಿ ಮಾಡಲು ಕೂತಿದ್ದು ನೆನಪಾಯಿತು. ಸ್ವಚ್ಛ ಮಾಡಿದ್ದರ ಹೆಚ್ಚಿನ ಪ್ರತಿ ಅಳಿಸಲು ಹೋಗಿ, ಪಕ್ಕದಲ್ಲಿದ್ದ ಮೂಲವನ್ನೇ ಎರಡು ಗುಂಡಿ ಒತ್ತಿ ಕಳಿಸಿಬಿಟ್ಟಿದ್ದೆ.

ಹೇಳದೆ ವಿಧಿಯಿರಲಿಲ್ಲ, ಹೇಳಿದೆ. ಅತ್ತೆ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇನ್ನೊಮ್ಮೆ ರೆಕಾರ್ಡ್ ಮಾಡೋಣವೇ ಎಂದು ಬುದ್ಧಿಯಿಲ್ಲದೆ ಕೇಳಿದೆ. "ಹಾಡು ಬೇಕಾದ್ರ ಹೇಳ್ತೀನಿ. ಒಡಪು ಈಗ ನಾ ಹ್ಯಾಂಗ ಹೇಳ್ಲಿ? ಓ ಅನ್ಲಿಕ್ಕೆ ಯಾರಿದ್ದಾರ?" ಅಂದು ಮತ್ತೆ ಬತ್ತಿ ಹೊಸೆಯತೊಡಗಿದರು.

ನನ್ನ ತಂಗಿ ಸುಧಾ ಮಾದಾಪುರದಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾಳೆ. ಗಾಬರಿಯಲ್ಲಿ ಅವಳಿಗೆ ಫೋನ್ ಹಚ್ಚಿದೆ. ಅವಳು ಹೇಳಿದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ. ಅಳಿಸಿದ್ದೆಲ್ಲ ಆ ಕ್ಷಣಕ್ಕೆ ಹೋಗಿಬಿಡುವುದಿಲ್ಲವಂತೆ. ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಹಲಗೆಯಲ್ಲಿ ಮನೆಯವರ ಹೆಸರು ಬರೆದಿರುತ್ತದಲ್ಲ, ಡಿಸ್ಕು ಆ ಹೆಸರನ್ನಷ್ಟೇ ಒರೆಸುತ್ತದೆ. ಮನೆಯೊಳಗಿನವರು ಅಲ್ಲೇ ಇರುತ್ತಾರೆ, ಇನ್ನೊಬ್ಬರು ಬಂದು ಅದೇ ಮನೆಯಲ್ಲಿ ಸಾಮಾನು ಇಳಿಸುವತನಕ. "ಅದಕ್ಕ ಅಕ್ಕಾ, ಡಿಸ್ಕು ತೆಗೆದು ಇಟ್ಟುಬಿಡು. ಹೊಸಾದು ಏನೂ ಹಾಕಬ್ಯಾಡ, ತೆರದು ನೋಡಬ್ಯಾಡ, ಒಪ್ಪ ಮಾಡಬ್ಯಾಡ. ಶನಿವಾರ ನಾ ಬಂದು ಹುಡುಕಿ ಕೊಡ್ತೀನಿ. ಅಲ್ಲೀತನಕ ನೀ ಏನೂ ಮಾಡಬಾರದು. ಅದಽ ನಿನ್ನ ಕೆಲಸ."

ಏನೂ ಮಾಡದಿರುವ ಕೆಲಸವನ್ನು ನನಗೆ ಒಪ್ಪಿಸಿದ್ದಾಳೆ. ಅಂದು ಸೋಮವಾರ. ಆಫೀಸಿನಲ್ಲಿ ಕೂತರೂ ಡಿಸ್ಕು, ಮೆಟ್ರೋದಲ್ಲಿ ನಿಂತರೂ ಡಿಸ್ಕು. ಮನೆಗೆ ಬಂದರೆ ಕೈ ಸುಮ್ಮನೆ ಡಿಸ್ಕು ಇಟ್ಟಿದ್ದ ಕಪಾಟಿನ ಕಡೆ ಹೋಗುತ್ತಿತ್ತು. ಒಮ್ಮೆ ಹಚ್ಚಿ, ಬರೀ ನೋಡಿ, ತೆಗೆದುಬಿಟ್ಟರೆ ಏನಾದೀತು ಎಂದು ಮನಸ್ಸು ವಾದ ಹೂಡುತ್ತಿತ್ತು. ಮಂಗಳವಾರ ಡಿಸ್ಕನ್ನು ಕೈಯಲ್ಲಿ ಹಿಡಿದು ನಿಂತಿದ್ದನ್ನು ಅತ್ತೆ ನೋಡಿದರು. "ಮುಟ್ಟಬಾರದು ಅಂದಾಳಲ್ಲ ಸುಧಾ?" ಎಂದು ಕೇಳಿ, ಅದನ್ನು ಇಸಿದುಕೊಂಡು ಹೋಗಿ ದೇವರ ಕೋಣೆಯಲ್ಲಿ ತಮ್ಮ ಮಡಿಸೀರೆ ಇಡುವ ಹಲಗೆಯ ಮೇಲೆ ಇಟ್ಟರು.

ಮಡಿಯೆಂದರೆ ನನಗೆ ಮೊದಲಿನಿಂದಲೂ ಸಿಡಿಮಿಡಿ. ಮದುವೆಯಾಗಿ ಬಂದ ಹೊಸತರಲ್ಲಿ ಎಷ್ಟು ಸಲ ಆ ಸೀರೆಗೆ ಕೈ ತಾಗಿಸಿ, ಅತ್ತೆ ಅದನ್ನು ಮತ್ತೆ ಹಿಂಡಿ ಒಣಗಹಾಕುವಂತೆ ಮಾಡಿದ್ದೇನೆ. ಮುಟ್ಟಿದರೆ ಏನಾಗುತ್ತದೆ, ಬಟ್ಟೆ ಬಟ್ಟೆಯೇ ಎಂದು ಇವರ ಹತ್ತಿರ ಜಗಳ ತೆಗೆದಿದ್ದೇನೆ. ಈಗ ನೋಡಿದರೆ ಸುಧಾ ಹೇಳಿದ ಕಂಪ್ಯೂಟರ್ ಶಾಸ್ತ್ರವೆಲ್ಲ ಅತ್ತೆಗೆ ಹೇಳದೆಯೇ ಅರ್ಥವಾಗಿತ್ತು. ಮುಟ್ಟದೆ ಇಡುವುದನ್ನು ಅವರು ಹುಟ್ಟಿದಾಗಿನಿಂದ ರೂಢಿ ಮಾಡಿಕೊಂಡಿದ್ದರು. ನಾನು ಆ ಕೋಣೆಯ ಬಾಗಿಲಿಗೆ ಬಂದರೆ ಸಾಕು, "ಸ್ನಾನ ಆಗೇದೇನು?" ಎಂದು ಕೇಳುತ್ತಿದ್ದರು. ಡಿಸ್ಕಿಗಾಗಿ ಸಂಜೆಹೊತ್ತು ಇನ್ನೊಮ್ಮೆ ಸ್ನಾನ ಮಾಡುವಷ್ಟು ನಾನೂ ಕೆಟ್ಟಿರಲಿಲ್ಲ. ಕೆಟ್ಟಿದ್ದೆ, ಆದರೆ ಗುರುವಾರ ನಳದಲ್ಲಿ ನೀರಿರಲಿಲ್ಲ.

ಶನಿವಾರ ಸುಧಾ ಬಂದಳು. ಡಿಸ್ಕನ್ನು ಅತ್ತೆಯೇ ತಂದು ಅವಳ ಕೈಗೆ ಕೊಟ್ಟರು. ಲ್ಯಾಪ್‌ಟಾಪಿನಲ್ಲಿ ಒಂದು ಹಸಿರು ಪಟ್ಟಿ ಹೊಟ್ಟೆನೋವು ಬಂದವರ ಹಾಗೆ ತೆವಳತೊಡಗಿತು. ಸಿಕ್ಕಿದ್ದನ್ನು ಅದೇ ಡಿಸ್ಕಿನಲ್ಲಿ ಇಡಬಾರದಂತೆ, ಬೇರೆ ಕಡೆ ಇಳಿಸಬೇಕಂತೆ. ನಾನು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ಒರೆಸಿದೆ, ಒರೆಸಿದ್ದನ್ನೇ ಮತ್ತೆ ಒರೆಸಿದೆ. ನಡುನಡುವೆ ಬಂದು ಇಣುಕಿ, ಇನ್ನೂ ಎಷ್ಟು ಹೊತ್ತೆಂದು ಕೇಳಿದೆ. "ಅಕ್ಕಾ, ನೀ ನೋಡಿದ್ರ ಅದು ಓಡೂದಿಲ್ಲ" ಅಂದಳು.

ಫೈಲುಗಳು ಬಂದವು. ಬಂದದ್ದು ಹೇಗೆಂದರೆ, ಹೆಸರು ಗೋತ್ರ ಒಂದೂ ಇಲ್ಲ, ಬರೀ ನಂಬರು. ನಾನು ಬೇಕೆಂದೇ ಅಳಿಸಿದ್ದೂ ಎಲ್ಲ ಎದ್ದು ಬಂತು. ಯೋಗಕ್ಕೆ ಸೇರಿದ ಮೊದಲ ದಿನದ ನನ್ನ ಫೋಟೊ, ಗುಲಾಬಿ ಹೂವಿನ ಶುಭೋದಯಗಳು, ನನ್ನದೇ ಹೆಬ್ಬೆರಳಿನ ಲೆಕ್ಕವಿಲ್ಲದಷ್ಟು ಚಿತ್ರಗಳು. ಒಂದೊಂದೇ ತೆರೆದು ನೋಡಿದೆವು. ಎಷ್ಟೋ ತೆರೆಯಲೇ ಇಲ್ಲ. ಕೆಲವು ಹಾಡು ಅರ್ಧಕ್ಕೆ ಕಡಿದುಹೋಗಿದ್ದವು. ನನಗೆ ಅಳು ಬರುವುದೊಂದು ಬಾಕಿ ಇತ್ತು. ಆಗ ಒಂದರೊಳಗಿಂದ ಕುಕ್ಕರು ಸೀಟಿ ಹೊಡೆಯಿತು. ನಾನು ಯಾವ ಸೀಟಿಯನ್ನು ಕತ್ತರಿಸಿ ಬಿಸಾಡಿದ್ದೆನೋ ಅದೇ ಸೀಟಿ. ಇಷ್ಟು ಸಂತೋಷದಿಂದ ಕುಕ್ಕರಿನ ಸೀಟಿ ನಾನೆಂದೂ ಕೇಳಿರಲಿಲ್ಲ.

ಅತ್ತೆಯನ್ನು ಕರೆದು ಕೂಡಿಸಿದೆ. ತರಕಾರಿಯವನು ಕೂಗಿಕೊಂಡು ಹೋದ. ಅತ್ತೆಯ ದನಿ ಬಂತು, ನಾಚಿಕೆಯಿಂದ ತುಸು ಅವಸರದಲ್ಲಿ. ಹಸರ ಬಳಿ. ವಾಮನರಾಯರಿದ್ರ ಮನಿಗೆಲ್ಲಾ ಕಳಿ. ಹಿಂದೆಯೇ ಒಳಗಿನ ಕೋಣೆಯಿಂದ, ದೂರದಿಂದ, ಮಾವ. "ಓ… ಬಂದೆ. ಯಾರು ಕರದ್ರು?" ಚಪ್ಪಲಿ ಎಳೆದುಕೊಂಡು ಬರುವ ಸಪ್ಪಳ.

ಅಷ್ಟರಲ್ಲಿ ನನ್ನ ದನಿ. ಅದು ಇರುವುದೇ ನನಗೆ ಮರೆತುಹೋಗಿತ್ತು. "ಯಾರೂ ಕರದಿಲ್ಲ ಮಾವಾ. ರೆಕಾರ್ಡ್ ಮಾಡ್ಲಿಕತ್ತೇವಿ, ಸ್ವಲ್ಪ ಸುಮ್ಮ ಕೂಡ್ರಿ."

ಚಪ್ಪಲಿ ನಿಂತಿತು. ಮತ್ತೆ ಹಿಂದಕ್ಕೆ ಹೋಯಿತು.

ಅತ್ತೆ ಲ್ಯಾಪ್‌ಟಾಪಿನ ಕಡೆಗೆ ಸ್ವಲ್ಪ ಬಾಗಿ, ಪಕ್ಕದಲ್ಲಿ ಕೂತವರಿಗೆ ಹೇಳುವಷ್ಟೇ ದನಿಯಲ್ಲಿ, "ನಾನಽ ಕರದಿದ್ದೆ" ಅಂದರು.

ನನಗೆ ತಲೆ ಎತ್ತಲಾಗಲಿಲ್ಲ. ಸುಧಾ, ಏನಾದರೂ ಮಾತಾಡಬೇಕೆಂದು ಇರಬೇಕು, "ಕಡೀಗೆ ಅಕ್ಕನ ದನಿ ಭಾಳ ಜೋರದ. ಅದೊಂದು ಕತ್ತರಿಸಿಬಿಡಲೇನು?" ಎಂದು ಕೇಳಿದಳು. ಖರೆ ಹೇಳಬೇಕೆಂದರೆ ನನ್ನ ಕೈ ಆಗಲೇ ಆ ಗುಂಡಿಗಳ ಕಡೆ ಹೊರಟಿತ್ತು. ನನ್ನನ್ನು ನಾನು ಅಳಿಸಿಕೊಳ್ಳುವ ಆಸೆ ಅಷ್ಟು ಜೋರಾಗಿ ಎಂದೂ ಬಂದಿರಲಿಲ್ಲ.

ಅತ್ತೆ ಬತ್ತಿಯ ಅರಳೆ ಎಳೆದುಕೊಂಡು, ನಮ್ಮ ಕಡೆ ನೋಡದೆಯೇ ಹೇಳಿದರು.

"ಮುಟ್ಟಬ್ಯಾಡ್ರಿ. ಅದು ಮಡೀಲೆ ಅದ."

ನಾನು ಕೈ ಹಿಂದಕ್ಕೆ ತೆಗೆದುಕೊಂಡು ಸುಮ್ಮನೆ ಕೂತೆ.