ಒಡೆದು ನೋಡಿದ ಸ್ಯಾಂಪಲ್ ಹೋಲ್ಡರ್

೧೯೮೯ರಲ್ಲಿ ನಾನು ಮದ್ರಾಸಿನಲ್ಲಿ ಕಸ್ಟಮ್ಸ್ ಅಪ್ರೈಸರ್ ಆಗಿದ್ದೆ. ಹೊರದೇಶದಿಂದ ಅಂಚೆಯಲ್ಲಿ ಬಂದ ಪಾರ್ಸೆಲ್ ಬಿಚ್ಚಿ, ಒಳಗಿದ್ದುದಕ್ಕೆ ಬೆಲೆ ಕಟ್ಟಿ ಸುಂಕ ಹಾಕುವುದು ನನ್ನ ಕೆಲಸ. ನನ್ನ ಮೇಲಧಿಕಾರಿ ರಾಜಗೋಪಾಲನ್. ಆತನ ವಿಷಯ ಬಂದರೆ ಇವತ್ತಿಗೂ ಬಹುವಚನ ನನ್ನ ಬಾಯಿಗೆ ಬರುವುದಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ.

ಆ ವರ್ಷ ಸುಲೋಚನಾ ರಾವ್ ಅವರ ಹೆಸರಿಗೆ ಅಮೆರಿಕದಿಂದ ಒಂದು ಪೊಟ್ಟಣ ಬಂತು. ಅವರು ಮದ್ರಾಸಿನದೇ ಗಿಂಡಿ ಬಡಾವಣೆಯ ಬ್ಯಾಂಕೊಂದರಲ್ಲಿ ಆಫೀಸರ್, ಮೈಸೂರು ಕಡೆಯವರು. ಪೊಟ್ಟಣದಲ್ಲಿ ಒಂದು ಪಾರದರ್ಶಕ ಪ್ಲಾಸ್ಟಿಕ್ ಹೋಲ್ಡರ್, ಅದರೊಳಗೊಂದು ಹಳೆಯ ತಾಮ್ರದ ಚಿಲ್ಲರೆ ನಾಣ್ಯ. ಆಗ ಅಲ್ಲಿನ ಕಾಯಿನ್ ಗ್ರೇಡಿಂಗ್ ಸಂಸ್ಥೆಗಳು ನಾಣ್ಯ ಪರೀಕ್ಷಿಸಿ, ದರ್ಜೆ ಬರೆದು, ಹೀಗೆ ಸೀಲ್ ಮಾಡಿಕೊಡಲು ಶುರುಮಾಡಿದ್ದವು. ತಮ್ಮ ಹೋಲ್ಡರ್ ಹೇಗಿರುತ್ತದೆಂದು ತೋರಿಸಲು ಅಗ್ಗದ ನಾಣ್ಯ ಹಾಕಿ ಸ್ಯಾಂಪಲ್ ಹಂಚುತ್ತಿದ್ದವು. ಸುಲೋಚನಾ ಕೂಡಿಡುತ್ತಿದ್ದುದು ಆ ಸ್ಯಾಂಪಲ್‌ಗಳನ್ನೇ. ಇದು ಒಂದು ಸಂಸ್ಥೆಯ ಮೊಟ್ಟಮೊದಲ ನಮೂನೆ. ಅದನ್ನು ತಯಾರಿಸುವುದು ನಿಲ್ಲಿಸಿದ್ದೇವೆ, ಇನ್ನೊಂದು ಸಿಗದು ಎಂದು ಕಳಿಸಿದವರು ಬರೆದಿದ್ದರಂತೆ.

ಪಾರ್ಸೆಲ್ ಮೇಲೆ 'ಸ್ಯಾಂಪಲ್, ಬೆಲೆಯಿಲ್ಲದ್ದು' ಎಂದಿತ್ತು. ಎಡವಟ್ಟಾದದ್ದೇ ಅಲ್ಲಿ. ಕಳ್ಳಮಾಲು ತರಿಸುವವರು ವಾಚಿಗೂ ಅದನ್ನೇ ಬರೆಸುತ್ತಿದ್ದ ಕಾಲ. ಆ ಪದ ಕಂಡರೆ ಸಾಕು, ನಮ್ಮ ಆಫೀಸಿನಲ್ಲಿ ಎಲ್ಲರ ಕಿವಿ ನಿಮಿರುತ್ತಿತ್ತು. ಚಿನ್ನಕ್ಕೆ ತಾಮ್ರದ ಲೇಪ ಹಾಕಿದ್ದಾರೆ ಎಂದು ರಾಜಗೋಪಾಲನ್ ಹಠ ಹಿಡಿದ. ಬರೀ ಪ್ಲಾಸ್ಟಿಕ್ ಡಬ್ಬಿಗಾಗಿ ಯಾವ ಹೆಂಗಸಾದರೂ ಅಮೆರಿಕಕ್ಕೆ ಕಾಗದ ಬರೆಯುತ್ತಾಳಾ ಎಂದು ನಕ್ಕ. ಮ್ಯೂಸಿಯಂನಿಂದ ನಾಣ್ಯ ಬಲ್ಲವರೊಬ್ಬರನ್ನು ಕರೆಸೋಣ ಎಂದೆ. ಕಿವಿಗೇ ಹಾಕಿಕೊಳ್ಳಲಿಲ್ಲ.

ಅನುಮಾನ ಬಂದ ಪಾರ್ಸೆಲನ್ನು ನಮ್ಮಲ್ಲಿ ವಿಳಾಸದಾರರ ಎದುರೇ ಪರೀಕ್ಷಿಸುತ್ತಿದ್ದೆವು. ಸುಲೋಚನಾ ಬಂದರು. ಆತನಿಗೆ ತಮಿಳಿನಲ್ಲಿ ಎಲ್ಲ ವಿವರಿಸಿದರು. ಗೋಡೆಗೆ ಹೇಳಿದಂತಾಯಿತು. ಕೊನೆಗೆ ನನ್ನತ್ತ ತಿರುಗಿ ಕನ್ನಡದಲ್ಲಿ, "ಸಾರ್, ನೀವಾದರೂ ಹೇಳಿ. ಒಡೆದುಬಿಟ್ಟರೆ ನನಗೆ ಉಳಿಯೋದೇನು?" ಎಂದರು.

ರಾಜಗೋಪಾಲನ್ ಇಕ್ಕಳವನ್ನು ನನ್ನ ಮುಂದೆ ತಳ್ಳಿದ. ನನಗೂ ಪಿತ್ತ ನೆತ್ತಿಗೇರಿತ್ತು.

"ನಾನು ಮುಟ್ಟಲ್ಲ. ನೀವೇ ಒಡೆದು ನೀವೇ ಸಹಿ ಹಾಕಿ," ಎಂದೆ.

ನನ್ನನ್ನು ದುರುಗುಟ್ಟಿ ನೋಡಿ ಆತನೇ ಇಕ್ಕಳ ಒತ್ತಿದ. ಹೋಲ್ಡರ್ ಮೂರು ಚೂರಾಯಿತು. ನಾಣ್ಯವನ್ನು ಗೀರಿದ, ಒರೆಗೆ ಹಚ್ಚಿದ. ಒಳಗೂ ತಾಮ್ರವೇ. ಆಮೇಲೆ ಏನೋ ದೊಡ್ಡ ಉಪಕಾರ ಮಾಡುವವನ ಹಾಗೆ, ಸುಂಕ ಏನೂ ಇಲ್ಲ, ತೆಗೆದುಕೊಂಡು ಹೋಗಿ ಎಂದು ನಾಣ್ಯ ಚಾಚಿದ.

ಸುಲೋಚನಾ ಪ್ಲಾಸ್ಟಿಕ್ ಚೂರುಗಳನ್ನು ಆರಿಸಿ ಕರವಸ್ತ್ರದಲ್ಲಿ ಕಟ್ಟಿಕೊಂಡರು. "ನಾಣ್ಯ ನಿಮ್ಮ ಹತ್ತಿರಾನೇ ಇರಲಿ. ನಿಮಗೆ ಬೇಕಾಗಿದ್ದು ಅದೇ ಅಲ್ವಾ?" ಎಂದು ಎದ್ದು ಹೋದರು. ನನ್ನ ಕಡೆಗೂ ನೋಡಲಿಲ್ಲ. ಅದರಿಂದ ನನಗೆ ಬಹಳ ನೋವಾಯಿತು.

ಯಾವುದಕ್ಕಾದರೂ ಬೆಲೆ ಕಟ್ಟುವ ಮೊದಲು ಅದನ್ನು ಬಯಸಿ ತರಿಸಿಕೊಂಡವರ ಮಾತು ಕೇಳಬೇಕು. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ, ಅದೂ ಆ ದಿನ.

ವಾರಸುದಾರರು ಬಿಟ್ಟುಹೋದ ಮಾಲಿಗೆ, ಅದನ್ನು ತೆರೆದ ಅಧಿಕಾರಿಯೇ ಬೆಲೆ ಬರೆಯುವುದು ನಮ್ಮಲ್ಲಿನ ಪದ್ಧತಿ. ವರ್ಷದ ಕೊನೆಗೆ ಅಂಥ ಮಾಲಿನ ಬೀರು ಖಾಲಿ ಮಾಡುವಾಗ ಆ ನಾಣ್ಯವನ್ನು ಬೇಕೆಂದೇ ರಾಜಗೋಪಾಲನ್ ಮೇಜಿನ ಮೇಲಿಟ್ಟು, ಅಲ್ಲೇ ನಿಂತೆ. ಆತ ಪೆನ್ನು ತೆಗೆದ. ಆಮೇಲೆ ತಲೆ ತಗ್ಗಿಸಿ ಬರೆದ: 'ಸ್ಯಾಂಪಲ್, ಬೆಲೆಯಿಲ್ಲದ್ದು.'